ಕಬಡ್ಡಿ ಅಂಕಣದಿಂದ ರಗ್ಬಿ ಮೈದಾನಕ್ಕೆ: ಮೊದಲು ಕಲಿಯಬೇಕಾದದ್ದು ಬೀಳುವುದನ್ನು

ಪ್ರಶ್ನೆ: ಮೇಡಂ, ನಾನು ಮಂಗಳೂರಿನ ಕಾಲೇಜೊಂದರಲ್ಲಿ ಪ್ರಥಮ ಬಿ.ಕಾಂ. ಓದುತ್ತಿದ್ದೇನೆ. ಊರು ಕಾರ್ಕಳದ ಹತ್ತಿರ, ಈಗ ಹಾಸ್ಟೆಲಿನಲ್ಲಿದ್ದೇನೆ. ಹೈಸ್ಕೂಲು ಮತ್ತು ಪಿಯುಸಿಯಲ್ಲಿ ಕಬಡ್ಡಿ ತಂಡದಲ್ಲಿ ಆಡಿದ್ದೇನೆ. ಹುಡುಗಿಯರ ರಗ್ಬಿ ಕ್ಲಬ್ಬಿಗೆ ಹೊಸಬರು ಬೇಕೆಂದು ಕಾಲೇಜಿನಲ್ಲಿ ನೋಟಿಸ್ ಹಾಕಿದ್ದಾರೆ. ನಾನು ರಗ್ಬಿಯನ್ನು ಮೊಬೈಲಿನಲ್ಲಿ ಬಿಟ್ಟರೆ ಎಲ್ಲಿಯೂ ನೋಡಿಲ್ಲ. ನನ್ನ ಎತ್ತರ ಐದು ಅಡಿ ಒಂದಿಂಚು, ತೂಕ 48 ಕಿಲೋ. ಇಷ್ಟು ಸಣ್ಣ ಮೈಕಟ್ಟಿನವಳಿಗೆ ಅಲ್ಲಿ ಜಾಗವಿದೆಯೇ? ಕಬಡ್ಡಿಯ ಅನುಭವ ಉಪಯೋಗಕ್ಕೆ ಬರುತ್ತದೆಯೇ? ಸೀನಿಯರ್‌ಗಳು ಎರಡು ವರ್ಷಗಳಿಂದ ಆಡುತ್ತಿದ್ದಾರೆ, ನಾನು ಅವರ ನಡುವೆ ಹೇಗೆ ನಿಲ್ಲಲಿ? ಪೆಟ್ಟಾಗುತ್ತದೆ, ಬೇಡ ಎಂದು ಅಮ್ಮ ಹೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ನೀವು ಕೇಳಿರುವ ನಾಲ್ಕು ಪ್ರಶ್ನೆಗಳಲ್ಲಿ ಮೈಕಟ್ಟಿನದು ಅತಿ ಸುಲಭದ್ದು, ಕಬಡ್ಡಿಯದು ಅತಿ ಮುಖ್ಯವಾದದ್ದು. ಆದ್ದರಿಂದ ಮೊದಲನೆಯದನ್ನು ಬೇಗ ಮುಗಿಸಿ ಎರಡನೆಯದರ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಾನೂ ಕಬಡ್ಡಿಯಿಂದಲೇ ರಗ್ಬಿಗೆ ಬಂದವಳು. ಕಾಲೇಜು ಮುಗಿದ ಮೇಲೆ ಬೆಂಗಳೂರಿನಲ್ಲಿ ಈ ಆಟ ಕಲಿತು, ಈಗ ಉಡುಪಿ ಜಿಲ್ಲೆಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಜವಾಬ್ದಾರಿ ಹೊತ್ತಿರುವುದರಿಂದ, ನಿಮ್ಮ ಸ್ಥಿತಿಯಲ್ಲಿರುವ ಹುಡುಗಿಯರನ್ನು ಪ್ರತಿ ವರ್ಷ ಜೂನ್, ಜುಲೈ ತಿಂಗಳಲ್ಲಿ ನೋಡುತ್ತೇನೆ.

ಕಾಲೇಜು ಮಟ್ಟದಲ್ಲಿ ನಮ್ಮಲ್ಲಿ ಹೆಚ್ಚಾಗಿ ಆಡುವುದು ಹದಿನೈದು ಮಂದಿಯ ರಗ್ಬಿಯನ್ನಲ್ಲ, ಏಳು ಮಂದಿಯ ಸೆವೆನ್ಸ್ ಪ್ರಕಾರವನ್ನು. 2016ರ ರಿಯೊ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸ್‌ನಲ್ಲಿರುವುದೂ, ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆಡಿಸುವುದೂ ಇದನ್ನೇ. ಒಂದು ಪಂದ್ಯವೆಂದರೆ ಏಳು ನಿಮಿಷಗಳ ಎರಡು ಅವಧಿ. ಆದರೆ ಮೈದಾನ ಮಾತ್ರ ಹದಿನೈದು ಮಂದಿಗೆ ಬೇಕಾದಷ್ಟೇ ದೊಡ್ಡದು, ಅಂದರೆ ಗೋಲು ಗೆರೆಯಿಂದ ಗೋಲು ಗೆರೆಗೆ ಹೆಚ್ಚೆಂದರೆ 100 ಮೀಟರ್ ಉದ್ದ, 70 ಮೀಟರ್ ಅಗಲ. ಮಹಿಳೆಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲವಿರುವುದರಿಂದ ಅಲ್ಲಿ ಹದಿನಾಲ್ಕು ಮಂದಿ ನಿಂತರೆ ಒಬ್ಬೊಬ್ಬರ ಪಾಲಿಗೆ ಏಳು ಚದರ ಮೀಟರ್ ಕೂಡ ಪೂರ್ತಿ ಸಿಗುವುದಿಲ್ಲ. ಸೆವೆನ್ಸ್ ಮೈದಾನದಲ್ಲಿ ಅದೇ ಹದಿನಾಲ್ಕು ಮಂದಿಗೆ ತಲಾ ಐನೂರು ಚದರ ಮೀಟರ್ ಇರುತ್ತದೆ. ಇಷ್ಟು ಖಾಲಿ ಜಾಗದಲ್ಲಿ ದೇಹದ ತೂಕಕ್ಕಿಂತ ಓಟ, ತಿರುವು ಮತ್ತು ಉಸಿರು ಹೆಚ್ಚು ಕೆಲಸಕ್ಕೆ ಬರುತ್ತವೆ. 48 ಕಿಲೋ ತೂಗುವ, ಬೋನಸ್ ಗೆರೆಯ ಬಳಿ ಕಾಲು ಬದಲಿಸಿ ತಪ್ಪಿಸಿಕೊಳ್ಳಲು ಗೊತ್ತಿರುವ ರೈಡರ್ ಒಬ್ಬಳು ಮೈದಾನದ ಅಂಚಿನ ವಿಂಗ್ ಸ್ಥಾನದಲ್ಲಿಯೋ, ಚೆಂಡನ್ನು ಹಂಚುವ ಸ್ಕ್ರಮ್ ಹಾಫ್ ಸ್ಥಾನದಲ್ಲಿಯೋ ಸಲೀಸಾಗಿ ನಿಲ್ಲುತ್ತಾಳೆ. ನಿಮಗೆ ಜಾಗವಿದೆ. ಆದರೆ ಮೂವತ್ತು ಸೆಕೆಂಡಿನ ರೈಡಿಗೆ ಒಗ್ಗಿದ ಉಸಿರು ಏಳು ನಿಮಿಷದ ಓಡಾಟಕ್ಕೆ ಸಾಲುವುದಿಲ್ಲ. ಮೊದಲ ತಿಂಗಳು ನಿಮ್ಮನ್ನು ಸೋಲಿಸುವುದು ಸೀನಿಯರ್‌ಗಳಲ್ಲ, ಈ ಉಸಿರು.

ನಿಯಮಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಾಸ್ ನೇರ ಪಕ್ಕಕ್ಕೆ ಅಥವಾ ಹಿಂದಕ್ಕೆ ಹೋಗಬೇಕು. ಎದುರಾಳಿಯ ಗೋಲು ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಐದು ಅಂಕ. ನಂತರದ ಒದೆತ ಕಂಬಗಳ ನಡುವೆ ಹೋದರೆ ಎರಡು ಅಂಕ. ಪೆನಾಲ್ಟಿ ಒದೆತಕ್ಕೂ ಡ್ರಾಪ್ ಗೋಲಿಗೂ ಮೂರು. ಗೆರೆ ದಾಟಿದರೆ ಸಾಕು ಎಂದುಕೊಂಡು ಚೆಂಡನ್ನು ಎದೆಗೆ ಒತ್ತಿಕೊಂಡು ಕುಣಿದ ಹುಡುಗಿಯರನ್ನು ನಾನು ನೋಡಿದ್ದೇನೆ. ಚೆಂಡು ನೆಲ ಮುಟ್ಟದೆ ಅಂಕವಿಲ್ಲ. ಉಳಿದದ್ದನ್ನೆಲ್ಲ ಆಡುತ್ತಾ ಕಲಿಯಬಹುದು. ವಿಶ್ವ ರಗ್ಬಿ ಸಂಸ್ಥೆಯ ಜಾಲತಾಣದಲ್ಲಿ ನಿಯಮಗಳು, ಆಟಕ್ಕೆ ಬೇಕಾದ ಪೂರ್ವಸಿದ್ಧತೆ ಮತ್ತು ತಲೆಪೆಟ್ಟಿನ ಕುರಿತು ಉಚಿತ ಪಾಠಗಳಿವೆ. ಮಳೆಯ ಒಂದು ಸಂಜೆ ಹಾಸ್ಟೆಲಿನಲ್ಲಿ ಕುಳಿತು ಓದಬಹುದು.

ಈಗ ಕಬಡ್ಡಿಯ ವಿಷಯ. ಮಮತಾ ಪೂಜಾರಿಯವರಂಥ ಆಟಗಾರ್ತಿಯನ್ನು ದೇಶಕ್ಕೆ ಕೊಟ್ಟ ಕಾರ್ಕಳ ತಾಲ್ಲೂಕಿನಿಂದ ಬಂದ ನಿಮಗೆ ಕಬಡ್ಡಿಯ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಎದುರಿನಿಂದ ಬರುವ ದೇಹಕ್ಕೆ ಹೆದರದೆ ನಿಲ್ಲುವುದು, ಬಿದ್ದು ಏಳುವುದು, ರೈಡರಿನ ಸೊಂಟ ನೋಡಿ ಅವಳು ಯಾವ ಕಡೆಗೆ ತಿರುಗುತ್ತಾಳೆಂದು ಮೊದಲೇ ಅಂದಾಜು ಮಾಡುವುದು, ಇವೆಲ್ಲ ಬೇರೆ ಆಟಗಳಿಂದ ಬಂದವರಿಗೆ ಕಲಿಸಲು ತಿಂಗಳುಗಟ್ಟಲೆ ಬೇಕಾಗುವ ಗುಣಗಳು. ಹಿಂದಿನಿಂದ ಬಂದು ಎರಡೂ ತೊಡೆಗಳನ್ನು ತಬ್ಬಿ ಬೀಳಿಸುವ ನಿಮ್ಮ ತೊಡೆ ಹಿಡಿತವಂತೂ ರಗ್ಬಿಯ ಟ್ಯಾಕಲ್‌ಗೆ ಬಹಳ ಹತ್ತಿರದ್ದು. ಆದರೆ ಕಬಡ್ಡಿಯಲ್ಲಿ ಶಹಬ್ಬಾಸ್ ಗಿಟ್ಟಿಸಿಕೊಟ್ಟ ಮೂರು ಅಭ್ಯಾಸಗಳು ರಗ್ಬಿಯಲ್ಲಿ ನಿಮ್ಮನ್ನೋ ಎದುರಾಳಿಯನ್ನೋ ಗಾಯಗೊಳಿಸಬಲ್ಲವು, ಇಲ್ಲವೆ ರೆಫರಿಯ ಸೀಟಿಯನ್ನು ಕರೆಯಬಲ್ಲವು. ಪೂರ್ತಿ ಹೊಸಬರು ಭಯದಿಂದಲೇ ಎಚ್ಚರವಾಗಿರುತ್ತಾರೆ. ಕಬಡ್ಡಿಯವರಿಗೆ ಭಯವಿಲ್ಲದಿರುವುದರಿಂದ ಅವರ ಬಗ್ಗೆಯೇ ನನಗೆ ಹೆಚ್ಚು ಕಾಳಜಿ.

ಮೊದಲನೆಯದು ಆ್ಯಂಕಲ್ ಹೋಲ್ಡ್. ರೈಡರ್ ಕಾಲು ಚಾಚಿದ ಕ್ಷಣದಲ್ಲಿ ಎದುರಿನಿಂದ ಧುಮುಕಿ ಪಾದದ ಗಂಟನ್ನು ಹಿಡಿಯುವಾಗ ನಿಮ್ಮ ತಲೆ ಅವಳ ಮೊಣಕಾಲಿನ ಮುಂದೆಯೇ ಇರುತ್ತದೆ. ಕಬಡ್ಡಿಯಲ್ಲಿ ಆ ರೈಡರ್ ಹೆಚ್ಚುಕಡಿಮೆ ನಿಂತಲ್ಲಿಯೇ ಇರುವುದರಿಂದ ಅದು ಹೇಗೋ ನಡೆದುಹೋಗುತ್ತದೆ. ರಗ್ಬಿಯಲ್ಲಿ ಅವಳು ಇಪ್ಪತ್ತು ಮೀಟರ್ ದೂರದಿಂದ ಪೂರ್ತಿ ವೇಗದಲ್ಲಿ ಓಡಿ ಬರುತ್ತಿರುತ್ತಾಳೆ, ಅವಳ ಮೊಣಕಾಲು ನೇರವಾಗಿ ನಿಮ್ಮ ಕಪಾಳಕ್ಕೆ ಬಡಿಯುತ್ತದೆ. ಆದ್ದರಿಂದ ರಗ್ಬಿಯಲ್ಲಿ ಟ್ಯಾಕಲ್ ಮಾಡುವವಳ ತಲೆ ಎಂದಿಗೂ ಎದುರಾಳಿಯ ದೇಹದ ಮುಂಭಾಗಕ್ಕೆ ಹೋಗಬಾರದು. ಪಕ್ಕಕ್ಕೆ, ಅವಳ ಹಿಂಬದಿಯ ಕಡೆಗೆ ಇರಬೇಕು. ಹತ್ತಿರ ಬಂದಾಗ ಹೆಜ್ಜೆಗಳನ್ನು ಚಿಕ್ಕದಾಗಿಸಿ, ಮೊಣಕಾಲು ಬಗ್ಗಿಸಿ, ಕಣ್ಣು ತೆರೆದು, ಗದ್ದವನ್ನು ನೆಲದತ್ತ ಬಾಗಿಸದೆ, ಭುಜವನ್ನು ಅವಳ ತೊಡೆ ಅಥವಾ ಸೊಂಟಕ್ಕೆ ತಾಗಿಸಿ, ಕೆನ್ನೆಯನ್ನು ಅವಳ ಪೃಷ್ಠದ ಪಕ್ಕಕ್ಕೆ ಒತ್ತಿ, ಎರಡೂ ಕೈಗಳಿಂದ ಕಾಲುಗಳನ್ನು ಬಿಗಿಯಾಗಿ ತಬ್ಬಬೇಕು. ಬಲ ಭುಜ ತಾಗಿದರೆ ತಲೆ ಯಾವ ಕಡೆಗಿರಬೇಕು, ಎಡ ಭುಜ ತಾಗಿದರೆ ಯಾವ ಕಡೆಗೆ ಎಂಬುದು ಯೋಚಿಸದೆಯೇ ಬರುವಷ್ಟು ಸಲ ನಿಧಾನವಾಗಿ ಅಭ್ಯಾಸ ಮಾಡಿ. ಬಹುಪಾಲು ಹೊಸಬರಿಗೆ ಒಂದು ಭುಜ ಸಲೀಸು, ಇನ್ನೊಂದು ಕಷ್ಟ. ಕಷ್ಟದ ಕಡೆಗೆ ತಲೆ ತಪ್ಪು ಬದಿಗೆ ಹೋಗುತ್ತದೆ, ಪೆಟ್ಟಾಗುವುದೂ ಆಗಲೇ.

ಎರಡನೆಯದು ಡ್ಯಾಶ್. ಅಂಕಣದ ಅಂಚಿಗೆ ಬಂದ ರೈಡರನ್ನು ಎದೆ, ಭುಜಗಳಿಂದ ನೂಕಿ ಹೊರಗಟ್ಟುವುದು ಕಬಡ್ಡಿಯಲ್ಲಿ ಚಪ್ಪಾಳೆ ಗಿಟ್ಟಿಸುವ ಹೊಡೆತ. ರಗ್ಬಿಯಲ್ಲಿ ಕೈಗಳಿಂದ ತಬ್ಬಲು ಪ್ರಯತ್ನಿಸದೆ ಭುಜದಿಂದ ಬರಿದೆ ಗುದ್ದುವುದು ಅಪಾಯಕಾರಿ ಆಟವೆಂದು ಪೆನಾಲ್ಟಿಗೆ ಗುರಿಯಾಗುತ್ತದೆ. ಹಾಗೆಯೇ ಭುಜದ ಗೆರೆಗಿಂತ ಮೇಲೆ, ಕುತ್ತಿಗೆಗೋ ತಲೆಗೋ ತಾಗುವಂತೆ ಹಿಡಿಯುವುದು ನಿಷಿದ್ಧ; ಎತ್ತಿ ತಲೆಕೆಳಗಾಗಿ ಕೆಡಹುವುದು ಅದಕ್ಕಿಂತಲೂ ದೊಡ್ಡ ತಪ್ಪು, ಕೆಂಪು ಕಾರ್ಡ್ ಸಿಗಬಹುದು. ನಿಮ್ಮ ಎತ್ತರ ಕಡಿಮೆಯಿರುವುದು ಇಲ್ಲಿ ನಿಮಗೆ ಅನುಕೂಲ. ಕೆಳಗೆ ಹಿಡಿಯುವುದು ನಿಮಗೆ ಸಹಜವಾಗಿ ಬರುತ್ತದೆ, ತೊಡೆಗಳನ್ನು ತಬ್ಬಿದ ಮೇಲೆ ಎಷ್ಟು ದಪ್ಪದವಳೂ ಓಡಲಾರಳು.

ಮೂರನೆಯದು ಬಿಡದೆ ಹಿಡಿಯುವುದು. ಕಬಡ್ಡಿಯಲ್ಲಿ ಸೀಟಿ ಊದುವ ತನಕ ಕ್ಯಾಚರ್ ಹಿಡಿತ ಬಿಡಬಾರದು, ರೈಡರ್ ತೆವಳಿಯಾದರೂ ಮಧ್ಯದ ಗೆರೆಗೆ ಬೆರಳು ಮುಟ್ಟಿಸಬೇಕು. ರಗ್ಬಿಯಲ್ಲಿ ಚೆಂಡು ಹಿಡಿದವಳು ನೆಲಕ್ಕೆ ಬಿದ್ದ ಕೂಡಲೇ ಟ್ಯಾಕಲ್ ಮುಗಿಯಿತು. ಕೆಡವಿದವಳು ತಕ್ಷಣ ಕೈ ಬಿಟ್ಟು ಪಕ್ಕಕ್ಕೆ ಸರಿಯಬೇಕು, ಬಿದ್ದವಳು ತಕ್ಷಣ ಚೆಂಡನ್ನು ಬಿಡಬೇಕು. ಚೆಂಡು ಅಪ್ಪಿಕೊಂಡು ತೆವಳಿದರೆ ಪೆನಾಲ್ಟಿ. ಜಾಣತನವೆಂದರೆ ಬೀಳುವಾಗಲೇ ದೇಹವನ್ನು ತಿರುಗಿಸಿ, ಚೆಂಡನ್ನು ತೋಳು ಚಾಚಿ ನಿಮ್ಮ ತಂಡದವರು ಬರುವ ಕಡೆಗೆ ಇಡುವುದು. ನಾನು ಆಡಿದ ಮೊದಲ ಪಂದ್ಯದಲ್ಲಿ ನನ್ನ ವಿರುದ್ಧ ಊದಿದ ಸೀಟಿಗಳೆಲ್ಲವೂ ಈ ಒಂದೇ ತಪ್ಪಿಗೆ. ಹತ್ತು ವರ್ಷ ಕಬಡ್ಡಿ ಆಡಿದ ಕೈ ಬಿಡಲು ಒಪ್ಪುತ್ತಿರಲಿಲ್ಲ. ಒಂದು ವಿನಾಯಿತಿ ಇದೆ, ಅದು ರೈಡರ್‌ಗಳಿಗೆ ಇಷ್ಟವಾಗುವಂಥದ್ದು: ಗೋಲು ಗೆರೆಯ ಹತ್ತಿರ ಬಿದ್ದಾಗ ತಡಮಾಡದೆ ತೋಳು ಚಾಚಿ ಚೆಂಡನ್ನು ಗೆರೆಯ ಮೇಲೆ ಅಥವಾ ಆಚೆಗೆ ನೆಲಕ್ಕೊತ್ತಿದರೆ ಟ್ರೈ ಸಲ್ಲುತ್ತದೆ.

ಇವೆಲ್ಲಕ್ಕೂ ಮುನ್ನ ಬೀಳುವುದನ್ನು ಕಲಿಯಬೇಕು. ಕಬಡ್ಡಿಯಲ್ಲಿ ಬಿದ್ದು ಅಭ್ಯಾಸವಿದ್ದರೂ ಅಲ್ಲಿ ಕೈಗಳು ಖಾಲಿ ಇರುತ್ತವೆ, ಇಲ್ಲಿ ಚೆಂಡಿರುತ್ತದೆ. ಬೀಳುವಾಗ ಕೈಯೂರುವುದು ಮನುಷ್ಯನ ಸಹಜ ಪ್ರವೃತ್ತಿ, ಮಣಿಕಟ್ಟು ಮುರಿಯುವುದು ಹೆಚ್ಚಾಗಿ ಅದರಿಂದಲೇ. ಗದ್ದವನ್ನು ಎದೆಗೆ ಸೇರಿಸಿ, ಎರಡೂ ಕೈಗಳಲ್ಲಿ ಚೆಂಡನ್ನು ಅಪ್ಪಿ, ಮೊದಲು ಮೊಣಕಾಲಿನ ಬದಿ, ನಂತರ ತೊಡೆ, ನಂತರ ಸೊಂಟ, ಕೊನೆಗೆ ಭುಜದ ಹಿಂಭಾಗ ನೆಲಕ್ಕೆ ತಾಗುವಂತೆ ಉರುಳಬೇಕು. ನಾನು ಹೊಸಬರಿಗೆ ಮೊದಲೆರಡು ವಾರ ಮಂಡಿಯೂರಿದ ಸ್ಥಿತಿಯಿಂದಲೇ ಬೀಳಿಸುತ್ತೇನೆ, ಮೂರನೆಯ ವಾರ ಮಂಡಿಯೂರಿದವರು ಮಂಡಿಯೂರಿದವರನ್ನು ಹಿಡಿಯುತ್ತಾರೆ, ನಂತರ ನಡೆಯುವವರನ್ನು, ನಂತರ ನಿಧಾನವಾಗಿ ಓಡುವವರನ್ನು. ಪೂರ್ತಿ ವೇಗದ ಟ್ಯಾಕಲ್ ಬರುವುದು ಆರನೆಯ ವಾರದ ನಂತರವೇ. ಆ ಆರು ವಾರ ಕೈತುಂಬ ಬೇರೆ ಕೆಲಸವಿರುತ್ತದೆ: ಪಾಸ್ ಕೊಡುವುದು, ಓಡುತ್ತಾ ಹಿಡಿಯುವುದು, ಕೈ ತಾಗಿಸಿದರೆ ಸಾಕು ಎನ್ನುವ ಟಚ್ ರಗ್ಬಿ ಆಡುವುದು. ಸೀನಿಯರ್‌ಗಳ ನಡುವೆ ನಿಲ್ಲುವ ಚಿಂತೆಗೂ ಇದೇ ಉತ್ತರ. ಟಚ್ ರಗ್ಬಿಯಲ್ಲಿ ಎರಡು ವರ್ಷದ ಅನುಭವಕ್ಕೂ ಎರಡು ವಾರದ ಉತ್ಸಾಹಕ್ಕೂ ನಡುವಿನ ಅಂತರ ಬೇಗನೆ ಕಿರಿದಾಗುತ್ತದೆ. ಪಾಸ್ ಕೊಟ್ಟ ಮೇಲೆ ನಿಲ್ಲದೆ ಚೆಂಡು ಪಡೆದವಳ ಹಿಂದೆಯೇ ಓಡುವ ಹೊಸ ಹುಡುಗಿಯನ್ನು ಯಾವ ಸೀನಿಯರ್ ಅಕ್ಕನೂ ದೂರ ತಳ್ಳುವುದಿಲ್ಲ.

ಹಾಗಾಗಿ ಕ್ಲಬ್ಬಿಗೆ ಸೇರುವ ಮುನ್ನ ಒಂದು ದಿನ ಮೈದಾನದ ಬದಿಯಲ್ಲಿ ಕುಳಿತು ನೋಡಿ. ಅವರು ಎಷ್ಟು ಪಂದ್ಯ ಗೆದ್ದಿದ್ದಾರೆ ಎಂದು ಕೇಳಬೇಡಿ, ಹೊಸಬರಿಗೆ ಟ್ಯಾಕಲ್ ಅನ್ನು ಯಾರು, ಎಂದಿನಿಂದ, ಹೇಗೆ ಕಲಿಸುತ್ತಾರೆ ಎಂದು ಕೇಳಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಐಸ್ ಇವೆಯೇ, ಅಭ್ಯಾಸದ ಹೊತ್ತಿನಲ್ಲಿ ಜವಾಬ್ದಾರಿಯುತ ಹಿರಿಯರೊಬ್ಬರು ಇರುತ್ತಾರೆಯೇ, ಪೆಟ್ಟಾದರೆ ಆಸ್ಪತ್ರೆಗೆ ಕರೆದೊಯ್ಯುವ ವ್ಯವಸ್ಥೆ ಏನು ಎಂದು ನೋಡಿ. ಮೊದಲ ದಿನವೇ ಹೊಸಬಳ ಕೈಗೆ ಚೆಂಡು ಕೊಟ್ಟು ಧೈರ್ಯ ಪರೀಕ್ಷಿಸುತ್ತೇವೆಂದು ಸೀನಿಯರ್‌ಗಳು ಮೇಲೆ ಬೀಳುವ ಕ್ಲಬ್ಬಾದರೆ, ಅದು ಎಷ್ಟೇ ಹೆಸರಾಂತದ್ದಾಗಿದ್ದರೂ ಬೇಡ. ಹದಿನೈದು ಮಂದಿಯ ಆಟವನ್ನೂ ಆಡಿಸುವ ಕ್ಲಬ್ಬಾದರೆ ಎರಡೂ ತಂಡದವರು ತಲೆ ತಗ್ಗಿಸಿ ಎದುರುಬದುರಾಗಿ ನೂಕುವ ಸ್ಕ್ರಮ್‌ನ ಮುಂಚೂಣಿಯಲ್ಲಿ ನಿಲ್ಲಲು ಒಪ್ಪಬೇಡಿ. ಅದಕ್ಕೆ ಪ್ರತ್ಯೇಕ ತರಬೇತಿ ಪಡೆದವರೇ ಬೇಕೆಂಬುದು ಆಟದ ನಿಯಮವೇ ಆಗಿದೆ, ಕುತ್ತಿಗೆಯ ಪ್ರಶ್ನೆ ಅದು.

ಪೆಟ್ಟಿನ ವಿಚಾರವನ್ನು ನಾನು ಮರೆಮಾಚುವುದಿಲ್ಲ, ಏಕೆಂದರೆ ಅಮ್ಮನ ಭಯಕ್ಕೆ ಆಧಾರವಿದೆ. ತರಚು ಗಾಯ, ಉಳುಕು, ಮೂಗೇಟುಗಳು ಬರುತ್ತವೆ. ಭುಜ ಮತ್ತು ಮೊಣಕಾಲಿನ ಗಾಯಗಳು ಕೆಲವೊಮ್ಮೆ ತಿಂಗಳುಗಟ್ಟಲೆ ಕೂರಿಸುತ್ತವೆ. ಹುಡುಗಿಯರಲ್ಲಿ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ಇದನ್ನು ಪೂರ್ತಿ ತಪ್ಪಿಸಲಾಗದಿದ್ದರೂ ಕಡಿಮೆ ಮಾಡಬಹುದು. ವಿಶ್ವ ರಗ್ಬಿ ಸಂಸ್ಥೆ ಪ್ರಚಾರ ಮಾಡುತ್ತಿರುವ ಆ್ಯಕ್ಟಿವೇಟ್ ಎಂಬ ವ್ಯಾಯಾಮ ಕ್ರಮವಿದೆ. ಒಂಟಿಕಾಲಿನ ಸಮತೋಲನ, ಜಿಗಿದು ಮೊಣಕಾಲು ಒಳಕ್ಕೆ ಬಾಗದಂತೆ ಇಳಿಯುವುದು, ಕುತ್ತಿಗೆಯ ಸ್ನಾಯುಗಳ ಬಲವರ್ಧನೆ ಅದರಲ್ಲಿವೆ. ಇಂಗ್ಲೆಂಡಿನ ಶಾಲಾ ಹುಡುಗರ ತಂಡಗಳಲ್ಲಿ ನಡೆದ ಅಧ್ಯಯನದಲ್ಲಿ, ವಾರಕ್ಕೆ ಮೂರು ಸಲ ಇದನ್ನು ತಪ್ಪದೆ ಮಾಡಿದವರಲ್ಲಿ ಗಾಯಗಳು ಗಣನೀಯವಾಗಿ ಇಳಿದವು. ಅಭ್ಯಾಸಕ್ಕೆ ಮುನ್ನ ಇಪ್ಪತ್ತು ನಿಮಿಷ ಬೇಕು, ಉಪಕರಣ ಏನೂ ಬೇಡ.

ತಲೆಪೆಟ್ಟಿನ ಮಾತೇ ಬೇರೆ. ಕನ್ಕಷನ್, ಅಂದರೆ ಪೆಟ್ಟಿನಿಂದ ಮಿದುಳಿಗಾಗುವ ಆಘಾತ, ಆಗಲು ಪ್ರಜ್ಞೆ ತಪ್ಪಬೇಕೆಂದೇನೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಜುಕವಿದ ಕಣ್ಣು, ಸ್ಕೋರ್ ಎಷ್ಟೆಂದು ನೆನಪಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಅನುಮಾನಿಸಬೇಕು. ಅನುಮಾನ ಬಂದರೆ ಆ ಕ್ಷಣವೇ ಆಟದಿಂದ ಹೊರಗೆ, ಅಂದು ಮರಳಿ ಮೈದಾನಕ್ಕಿಳಿಯುವ ಪ್ರಶ್ನೆಯೇ ಇಲ್ಲ, ವೈದ್ಯರು ನೋಡಿದ ಮೇಲೆ ವಿಶ್ರಾಂತಿ, ನಂತರ ಹಂತ ಹಂತವಾಗಿ ವಾರಗಟ್ಟಲೆ ಸಮಯ ತೆಗೆದುಕೊಂಡು ಮರಳುವುದು. ನನ್ನ ಆಟದ ದಿನಗಳಲ್ಲಿ ಒಂದು ಪಂದ್ಯಾವಳಿಯಲ್ಲಿ ತಲೆಗೆ ಮೊಣಕಾಲು ಬಡಿದ ಮೇಲೂ ನಾನು ಆಡಿದೆ. ಯಾರೂ ಹೊರಗೆ ಕರೆಯಲಿಲ್ಲ, ನಾನೂ ಹೇಳಲಿಲ್ಲ. ಆ ಪಂದ್ಯದ ದ್ವಿತೀಯಾರ್ಧ ಇಂದಿಗೂ ನನ್ನ ನೆನಪಿನಲ್ಲಿಲ್ಲ, ನಂತರದ ಹದಿನೈದು ದಿನ ಪುಸ್ತಕದ ಒಂದು ಪುಟ ಓದಲಾಗುತ್ತಿರಲಿಲ್ಲ. ಅಂದಿನಿಂದ ನನ್ನ ಮೈದಾನದಲ್ಲಿ ಒಂದು ಕಟ್ಟುನಿಟ್ಟು ಉಂಟು: ಪಕ್ಕದವಳಿಗೆ ತಲೆಪೆಟ್ಟಾದದ್ದು ಕಂಡರೆ ಹೇಳುವುದು ಎಲ್ಲರ ಕರ್ತವ್ಯ, ಅವಳು ಬೇಡವೆಂದು ಕಣ್ಸನ್ನೆ ಮಾಡಿದರೂ ಸರಿ. ನೀವು ಸೇರುವ ಕ್ಲಬ್ಬಿನಲ್ಲಿ ಹೀಗಿಲ್ಲದಿದ್ದರೆ ನೀವೇ ಶುರು ಮಾಡಿ.

ಕರಾವಳಿಯ ನೆಲದ ಬಗ್ಗೆ ಒಂದೆರಡು ಮಾತು ಹೇಳಬೇಕು, ಏಕೆಂದರೆ ಹುಲ್ಲಿನ ಮೈದಾನಗಳಿರುವ ದೇಶಗಳ ವಿಡಿಯೊಗಳಲ್ಲಿ ಇದು ಸಿಗುವುದಿಲ್ಲ. ನಮ್ಮ ಕಾಲೇಜುಗಳ ಮೈದಾನ ಬಹುತೇಕ ಮುರಕಲ್ಲಿನ ಕೆಂಪು ನೆಲ. ಡಿಸೆಂಬರಿನಿಂದ ಮೇ ತನಕ ಅದು ಕಲ್ಲಿನಂತೆ ಗಟ್ಟಿ, ಮೇಲೆ ಸಣ್ಣ ಹರಳು. ಅಲ್ಲಿ ಟ್ಯಾಕಲ್ ಅಭ್ಯಾಸ ಮಾಡಿಸುವುದು ತಪ್ಪು. ಬೀಳುವ ಅಭ್ಯಾಸಕ್ಕೆ ಪಣಂಬೂರು, ತಣ್ಣೀರುಬಾವಿ, ಮಲ್ಪೆಯಂಥ ಕಡಲ ತೀರದ ಮರಳು ಬಹಳ ಒಳ್ಳೆಯದು, ಆದರೆ ಓಡುವುದನ್ನು ಅಲೆ ಹಿಂದೆ ಸರಿದ ಗಟ್ಟಿ ಒದ್ದೆ ಮರಳಿನಲ್ಲಿ ಮಾಡಿ; ಒಣ ಮರಳಿನಲ್ಲಿ ಹೊಸಬರು ಹೆಚ್ಚು ಓಡಿದರೆ ಮೀನಖಂಡವೂ ಹಿಮ್ಮಡಿಯ ನರವೂ ಹಿಡಿಯುತ್ತವೆ. ಮಳೆಗಾಲದಲ್ಲಿ ಬೆವರು ತೊಳೆಯಲೆಂದು ಕಡಲಿಗಿಳಿಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ಕೆಸರುಗದ್ದೆಯಾಗುತ್ತದೆ, ಬೀಳಲು ಹಿತ, ನಿಜ. ಆದರೆ ಅದೇ ಕಾಲದಲ್ಲಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಇಲಿಜ್ವರ ಕಾಣಿಸಿಕೊಳ್ಳುತ್ತದೆ, ಅದರ ರೋಗಾಣು ಕೆಸರು ನೀರಿನಿಂದ ತರಚು ಗಾಯದ ಮೂಲಕ ಒಳಹೋಗುತ್ತದೆ. ಗಾಯವಿದ್ದರೆ ಮುಚ್ಚಿಕೊಂಡು ಆಡಿ, ಆಟ ಮುಗಿದ ಕೂಡಲೇ ಸೋಪು ಹಚ್ಚಿ ತೊಳೆಯಿರಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿದ್ದೀರಾ ನೋಡಿಕೊಳ್ಳಿ, ಆಡಿದ ಒಂದೆರಡು ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಕೆಸರಿನಲ್ಲಿ ಆಡಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಇಲ್ಲಿನ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲವಾದ್ದರಿಂದ ಸೆಕೆಯ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸುವುದು ಲೇಸು; ಉಪ್ಪು ಹಾಕಿದ ಗಂಜಿ ತಿಳಿ ಅಥವಾ ಒಂದು ಬೊಂಡ (ಎಳನೀರು) ಯಾವ ಬಣ್ಣದ ಬಾಟಲಿಯ ಪಾನೀಯಕ್ಕೂ ಕಡಿಮೆಯಲ್ಲ.

ಖರ್ಚು ಹೆಚ್ಚೇನಿಲ್ಲ. ಫುಟ್‌ಬಾಲ್ ಬೂಟು ಸಾಕು, ಗಟ್ಟಿ ನೆಲಕ್ಕೆ ಕುಳ್ಳ ಗುಬುಟಿನ ರಬ್ಬರ್ ಅಡಿಯದು. ಹಣ ಉಳಿಸಬಾರದ ಒಂದೇ ವಸ್ತು ಮೌತ್‌ಗಾರ್ಡ್. ಬಿಸಿನೀರಿನಲ್ಲಿ ಮೆದುವಾಗಿಸಿ ಕಚ್ಚಿ ಅಳತೆಗೆ ತರುವಂಥದ್ದು ಆರಂಭಕ್ಕೆ ಆದೀತು, ಮುಂದುವರಿಯುವುದಾದರೆ ದಂತವೈದ್ಯರಿಂದ ನಿಮ್ಮ ಹಲ್ಲಿನ ಅಚ್ಚಿಗೆ ಮಾಡಿಸಿಕೊಳ್ಳಿ. ತಲೆಗೆ ಹಾಕುವ ಮೆತ್ತನೆಯ ಟೋಪಿ ಕಿವಿಯನ್ನು ಕಾಯುತ್ತದೆ, ಕನ್ಕಷನ್ನಿನಿಂದ ಕಾಯುವುದಿಲ್ಲ. ಮೂಗುತಿ, ಕಿವಿಯೋಲೆ, ಬಳೆ, ಉಂಗುರ ಎಲ್ಲವನ್ನೂ ಕೋಣೆಯಲ್ಲಿಯೇ ಬಿಟ್ಟು, ಉಗುರು ಕತ್ತರಿಸಿಕೊಂಡು ಹೋಗಿ.

ಇನ್ನು ಅಮ್ಮ. ಇದು ಹುಡುಗಿಯರ ಆಟವಲ್ಲ, ನಮ್ಮ ದೇಶದ ಆಟವೂ ಅಲ್ಲ ಎಂಬ ಮಾತು ಮನೆಯಲ್ಲಿ ಬಂದರೆ, ಭಾರತದ ಮಹಿಳೆಯರ ಹದಿನೈದು ಮಂದಿಯ ತಂಡ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು 2018ರಲ್ಲಿ ಆಡಿ, ಮರುವರ್ಷವೇ ಸಿಂಗಪುರವನ್ನು 21-19ರಿಂದ ಸೋಲಿಸಿತೆಂದು ಹೇಳಿ. ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ತಂಡಗಳು ಇಂದಿಗೂ ಆಡಿ ಗೆಲ್ಲುವ ಕಲ್ಕತ್ತಾ ಕಪ್, ಕಲ್ಕತ್ತಾದ ರಗ್ಬಿ ಕ್ಲಬ್ಬೊಂದು 1878ರಲ್ಲಿ ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು. ಅದರ ಮುಚ್ಚಳದ ಮೇಲೆ ಆನೆಯಿದೆ, ಹಿಡಿಕೆಗಳು ನಾಗರಹಾವುಗಳು. ಆದರೆ ತಾಯಂದಿರ ಭಯ ಇಂಥ ಮಾತುಗಳಿಂದ ಹೋಗುವುದನ್ನು ನಾನು ಹೆಚ್ಚು ಕಂಡಿಲ್ಲ. ಕಂಡಿರುವುದು ಬೇರೆ: ಒಂದು ಭಾನುವಾರ ಅಮ್ಮನನ್ನು ಮಂಗಳೂರಿಗೆ ಕರೆಸಿ ಅಭ್ಯಾಸ ನೋಡಲು ಕೂರಿಸಿ, ತರಬೇತುದಾರರ ಜೊತೆ ಮಾತನಾಡಿಸಿ, ಮೇಲೆ ನಾನು ಹೇಳಿದ ಪ್ರಶ್ನೆಗಳನ್ನು ಅಮ್ಮನೇ ಕೇಳಲಿ. ಆರು ವಾರ ಟ್ಯಾಕಲ್ ಇಲ್ಲದೆ ಕಲಿಯುತ್ತೇನೆ, ಆಮೇಲೆ ಇಬ್ಬರೂ ಕೂತು ತೀರ್ಮಾನಿಸೋಣ ಎಂದು ಮಾತು ಕೊಡಿ, ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಆರು ವಾರದ ನಂತರವೂ ಅವರು ಬೇಡವೆಂದರೆ, ಅಥವಾ ನಿಮಗೇ ಬೇಡವೆನಿಸಿದರೆ, ಟಚ್ ರಗ್ಬಿಯನ್ನೇ ಆಡುತ್ತಾ ತಂಡದ ಜೊತೆ ಉಳಿಯಬಹುದು. ನನ್ನ ಮೈದಾನದಲ್ಲಿ ಹಾಗೆ ಉಳಿದವರಿದ್ದಾರೆ, ಅವರಲ್ಲೊಬ್ಬಳು ಈಗ ರೆಫರಿ ಪಾಠ ಕಲಿಯುತ್ತಿದ್ದಾಳೆ.